ಸೀಟು ಹಿಡಿದ ಮೀನು

ನಮ್ಮನಿಯವ್ರಿಗೆ ತಲಿ ಕೆಟ್ಟೈತಿ ಅಂತ ನಾ ಅನ್ನಂಗಿಲ್ಲ. ಅನ್ನಾಕ ಓಣಿ ಮಂದಿ ಇದ್ದಾರ, ನನ್ನ ತಮ್ಮಂದಿರು ಇದ್ದಾರ, ನಮ್ಮ ಬೀಗ್ತಿ ಇದ್ದಾಳ. ಅಷ್ಟು ಮಂದಿ ಪುಕಟ ಆ ಕೆಲಸಾ ಮಾಡಾಕತ್ತಾಗ ಕೈ ಹಿಡದ ಹೆಣ್ತಿ ಯಾಕ ಬಾಯಿ ನೋಯಿಸ್ಕೋಬೇಕು ಹೇಳ್ರಿ? ನಾ ಹೇಳೂದು ಇಷ್ಟ. ರಿಟೈರ್ ಆದ ಗಂಡಸರು ಕೆಲವರು ಗುಡಿಗೆ ಹೋಗತಾರ, ಕೆಲವರು ಇಸ್ಪೀಟ ಆಡತಾರ, ಕೆಲವರು ಅಡಗಿಮನಿ ಬಾಗಲದಾಗ ನಿಂತು ಸಾರಿಗೆ ಉಪ್ಪು ಹೆಚ್ಚಾತೋ ಕಡಿಮಿ ಆತೋ ಅಂತ ಹೆಣ್ತಿಗೆ ಹೇಳತಾರ. ನಮ್ಮವ್ರು ಮೀನಿನ ಜಗಳಾ ಬಿಡಸ್ತಾರ.

ಹೌದ್ರಿ, ಮೀನಿನ ಜಗಳಾ. ವಿಜಯಪುರದಾಗ ಅಥಣಿ ರಸ್ತೆ ಕಡೆ ಲೇಔಟಿನ್ಯಾಗ ನಮ್ಮದೊಂದು ಸಣ್ಣ ಮನಿ. ಪಡಸಾಲ್ಯಾಗ ಟಿವಿ ಮಗ್ಗಲಕ ಒಂದು ಗಾಜಿನ ಪೆಟಗಿ. ಮುಂಜಾನೆ ಎದ್ದ ಕೂಡ್ಲೇ ಮಾರಿ ಸೈತ ತೊಳೀಲಾರದ ಅದರ ಮುಂದ ಕುರ್ಚಿ ಹಾಕ್ಕೊಂಡು ಕುಂದರತಾರ. "ಏ, ಬಾಲಾ ಬಿಡಲೇ ಅದರದು, ಹಿರ್ಯಾ ಐತಿ ಅದು. ಮುಂದ ಸರಿ, ಮುಂದ ಸರಿ, ಹಿಂದ ಜಾಗಾ ಐತಿ." ಇದ್ಯಾವ ಭಾಷಾ ಅಂತೀರಿ? ಕಂಡಕ್ಟರ್ ಭಾಷಾ. ಟಿಕೋಟಾ ಗಾಡಿ, ಬಬಲೇಶ್ವರ ಗಾಡಿ, ಈ ಎರಡರಾಗ ಓಡಾಡಿ ಅವರ ಜೀವಮಾನಾ ಸವದೈತಿ. ಅವರ ಲೆಕ್ಕದಾಗ ಜಗತ್ತಿನ್ಯಾಗ ಇರೂವು ಎರಡ ಜಾತಿ, ಕುಂತವ್ರು ಮತ್ತ ನಿಂತವ್ರು. ಇಬ್ಬರ ನಡುವ ಆಗೂದಕ್ಕ ಜಗಳಾ ಅಂತಾರ, ಅದನ್ನ ಬಿಡಸಾಂವಗ ಕಂಡಕ್ಟರ್ ಅಂತಾರ.

ಇದನ್ನ ಹಿಂದಕ ನಾನೂ ನಕ್ಕೋತ ಹೇಳತಿದ್ದೆ. ಈಗ ನಗಾಕ ಮೈಯಾಗ ತ್ರಾಣ ಇಲ್ಲ, ಯಾಕಂದ್ರ ಮನ್ಯಾಗ ಬಾಣಂತಿ ಇದ್ದಾಳ. ನಮಗಿರಾಕಿ ಒಬ್ಬಾಕಿನ ಮಗಳು. ಚೊಚ್ಚಲ ಹೆರಿಗಿಗೆ ಬಂದು ಮುತ್ತಿನಂಥಾ ಹೆಣ್ಣುಕೂಸು ಹಡದಾಳ. ಎಲ್ಲಾ ಸುಸೂತ್ರ ಆತು ಅನ್ನೂದ್ರಾಗ ಹುಡುಗಿನ ಬದಲಾಗಿ ಬಿಟ್ಲು ನೋಡ್ರಿ. ನಗಮಾರಿ ಹುಡುಗಿ, ಈಗ ಖೋಲ್ಯಾಗ ಯಾರು ಕಾಲಿಟ್ರೂ ಹುಬ್ಬು ಗಂಟು ಹಾಕತಾಳ. ಕೂಸಿಗೆ ಕೈ ಚಾಚಿದ್ರ "ಮುಟ್ಟಬ್ಯಾಡ್ರಿ" ಅಂತಾಳ. ಹಾಲು ಹೆಚ್ಚಾಗಲಿ ಅಂತ ಅಳವಿ ಬೀಜದ ಪಾಯಸಾ ಮಾಡಿಟ್ರ ಆರಿ ಕೆನಿಗಟ್ಟತೈತಿ. ನಿದ್ದಿ ಇಲ್ಲ, ಸುಮ್ಮಸುಮ್ಮನ ಕಣ್ಣೀರು. ಡಾಕ್ಟರಬಾಯಿ ಕಡೆ ಕರಕೊಂಡು ಹೋದೆ. "ಹಡದ ಮ್ಯಾಲ ಕೆಲವರಿಗೆ ಹಿಂಗ ಆಗತೈತ್ರಿ. ಆಕಿಗೆ ನಿದ್ದಿ ಬೇಕು. ಬಂದು ಹೋಗೂ ಮಂದಿನ್ನ ಕಡಿಮಿ ಮಾಡ್ರಿ, ಮುಂದಿನ ವಾರ ಹೊಳ್ಳಿ ಕರಕೊಂಡು ಬರ್ರಿ" ಅಂದ್ರು.

ಮಂದಿ ಕಡಿಮಿ ಮಾಡೂದಂತ! ಆ ಡಾಕ್ಟರಬಾಯಿ ಯಾವ ಊರಾಕಿನೋ ಏನೋ. ನಮ್ಮ ಕಡೆ ಕೂಸು ಹುಟ್ಟಿದ ಸುದ್ದಿ ಹೋದ್ರ ಟಿಕೋಟಾದಿಂದ ನನ್ನ ತವರ ಮಂದಿ, ಬಬಲೇಶ್ವರದಿಂದ ಇವರ ಮಂದಿ, ನಡುವಿನ ಹಳ್ಳ್ಯಾಗ ಗುರುತು ಇದ್ದವ್ರು, ಗುರುತು ಮಾಡ್ಕೋಬೇಕು ಅನ್ನವ್ರು, ಎಲ್ಲಾರೂ ಕೊಬ್ಬರಿ ಉತ್ತತ್ತಿ ಚೀಲಾ ಹಿಡಕೊಂಡು ಬರತಾರ. ಬರಬ್ಯಾಡ್ರಿ ಅನ್ನಾಕ ನಾಲಿಗಿ ಏಳತೈತೇನ್ರಿ? ಅವ್ರಿಗೆ ಚಾ ಮಾಡಿ, ಭಾಂಡಿ ತಿಕ್ಕಿ, ಕೂಸಿನ ಬಟ್ಟಿ ಒಗದು, ಶೇಗಡಿಗೆ ಕೆಂಡಾ ಹಾಕಿ, ಮಗಳ ಖೋಲಿಗೆ ಹೋದ್ರ ಆಕಿ ಗ್ವಾಡಿ ಕಡೆ ಮಾರಿ ಮಾಡಿ ಮಲಗಿರತಾಳ, ಕಣ್ಣು ಮಾತ್ರ ತೆರದಿರತಾವ. ನನ್ನ ಎದಿ ಒಡೀತೈತ್ರಿ ಅದನ್ನ ನೋಡಿ. ಇಂಥಾದ್ರಾಗ ಮನಿ ಯಜಮಾನ್ರಿಗೆ ಮೀನಿನ ಚಿಂತಿ.

ಮೊದಲ ಆ ಪೆಟಗ್ಯಾಗ ಇದ್ದವೆಲ್ಲಾ ಸಂಭಾವಿತ ಮೀನ. ಒಂದೆರಡು ಗೋಲ್ಡ್ ಫಿಶ್, ನಾಕಾರು ಮಾಲಿ ಮೀನ, ಗಾಜು ನೆಕ್ಕಿ ಸ್ವಚ್ಛ ಮಾಡೂ ಒಂದು ಕರೇ ಮೀನ. ನಮ್ಮ ಬೋರಿನ ಸವಳು ನೀರಾಗ ನಾವ ಬದಕೂದು ತ್ರಾಸು, ಅವು ಹ್ಯಾಂಗೋ ಹೊಂದಿಕೊಂಡಿದ್ವು. ಮಗಳು ಬರೂಕಿಂತ ಎಷ್ಟೋ ಮೊದಲ ಒಂದಿನ ಬಸ್‌ಸ್ಟ್ಯಾಂಡ್ ಕಡೆ ಹೋದವ್ರು ಪ್ಲಾಸ್ಟಿಕ್ ಚೀಲದಾಗ ಬೆರಳಷ್ಟುದ್ದದ ಇನ್ನೊಂದು ಮೀನ ತಂದ್ರು. ಮೈತುಂಬ ಕರೇ ಪಟ್ಟಿ. ಮೀನಿನ ಅಂಗಡಿ ಚಾಚಾ ಹೇಳ್ಯಾನಂತ, ಇದು ಸಿಕ್ಲಿಡ್ ಅನ್ನೂ ಕುಲದ್ದು, ಮೈಮ್ಯಾಲಿನ ಪಟ್ಟಿ ನೋಡಿ ಇಂಗ್ಲಿಷಿನ್ಯಾಗ ಇದಕ್ಕ ಕೈದಿ ಅಂತನ ಹೆಸರಿಟ್ಟಾರ.

"ಕೈದಿನ್ನ ರೊಕ್ಕಾ ಕೊಟ್ಟು ಮನಿಗೆ ಯಾರರ ತರತಾರೇನ್ರಿ?" ಅಂದೆ.

"ಹೆಸರಷ್ಟ ಹಂಗ ಐತಿ. ಸ್ವಭಾವ ಚಲೋ ಐತಂತ," ಅಂದ್ರು.

ಜೈಲಿನ್ಯಾಗ ಇದ್ದವ್ರನ್ನ ಕೇಳಿದ್ರ ಎಲ್ಲಾರ ಸ್ವಭಾವಾನೂ ಚಲೋನ ಇರತೈತಿ ಬಿಡ್ರಿ.

ಮೈ ತುಂಬೂತನಕ ಅದು ಸುಮ್ಮನಿತ್ತು. ಆಮ್ಯಾಲ ಪೆಟಗ್ಯಾಗ ಚಂದ ಕಾಣಲಿ ಅಂತ ಇವರು ಹಾಕಿದ್ದ ಒಡದ ಗಡಿಗ್ಯಾಗ ಹೋಗಿ ಕುಂತ್ತು. ಅದರ ಆಸುಪಾಸು ಯಾವ ಮೀನ ಬಂದ್ರೂ ಬೆನ್ನಟ್ಟಿ ಕಡಿಯೂದು. ಗೋಲ್ಡ್ ಫಿಶ್ಶಿನ ಬಾಲಾ ಹರದ ಸೆರಗಾತು. ನಮ್ಮವ್ರು ಕುರ್ಚಿ ಹಾಕ್ಕೊಂಡು ಬಕ್ಕಳ ಹೊತ್ತು ನೋಡಿ ರೋಗಾ ಪತ್ತೆ ಹಚ್ಚಿದ್ರು.

"ಟಾವೆಲ್ ಹಾಕೈತಿ ಇದು."

"ಏನ್ ಹಾಕೈತ್ರಿ?"

"ಗಾಡಿ ನಿಂದರೂಕಿಂತ ಮೊದಲ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟು ಹಿಡೀತಾರಲ್ಲ, ಅದ ಇದು. ತಾ ಕುಂದರೂದು ಒಂದು ಸೀಟು, ಹಿಡಿಯೂದು ಮೂರು ಸೀಟು. ನಮ್ಮಪ್ಪಂದು ಅಂತಾನ ಕೇಳಿದ್ರ."

ಔಷಧಾನೂ ಅವರ ಹತ್ರನ ಇತ್ತು. ಇಂಥಾ ಪ್ಯಾಸೆಂಜರ್ ಸಿಕ್ರ ಗಾಡಿ ಖಾಲಿ ಮಾಡಸೂದು! "ಎಲ್ಲಾರೂ ಇಳೀರಿ, ಗಾಡಿ ಡಿಪೋಕ್ಕ ಹೊಂಟೈತಿ" ಅಂತ ಒಂದೊಂದ ಮೀನ ಜಾಳಗಿಲೆ ಹಿಡದು ನನ್ನ ಕಟ್ಟಿನ ಸಾರಿನ ಬೋಗಾಣ್ಯಾಗ ಇಳಿಸಿದ್ರು. ಹೌದ್ರಿ, ಹೋಳಿಗಿ ಮಾಡಿದಾಗ ನಾ ಕಟ್ಟಿನ ಸಾರು ಕಾಸೂ ಬೋಗಾಣಿ. ಪೆಟಗ್ಯಾಗಿನ ಕಲ್ಲು, ಗಡಿಗಿ ಎಲ್ಲಾ ಜಾಗಾ ಬದಲಿ ಮಾಡಿದ್ರು. ಆಮ್ಯಾಲ ಹೊಳ್ಳಿ ಹತ್ತಿಸಿದ್ರು, ಮೊದಲ ಬಡಪಾಯಿ ಮೀನ, ಎಲ್ಲಾರೂ ಕುಂತ ಮ್ಯಾಲ ಕಡೀಕ ಕೈದಿ. ಖರೇ ಹೇಳತೀನಿ, ಆ ಉಪಾಯ ಫಲಿಸ್ತು. ಕೈದಿಗೆ ತನ್ನ ಸೀಟು ಎಲ್ಲೈತಿ ಅಂತ ತಿಳೀಲಾರದ ಒಂದು ವಾರ ನಿಂತ ಪ್ರಯಾಣಾ ಮಾಡ್ತು. ಇನ್ನೊಂದು ವಾರದಾಗ ಹೊಸಾ ಮೂಲಿ ಹಿಡೀತು. ಆ ಬೋಗಾಣಿ ನಾ ಭಾಂಡಿ ಮಾರಾಂವಗ ಕೊಟ್ಟು ಬಿಟ್ಟೆ.

ಅಲ್ಲಿಗರ ಸುಮ್ಮನಾದ್ರಾ? ನಮ್ಮ ಹಳ್ಳಿ ಕಡೆ ಇಬ್ಬರು ಮಾರಿ ಮಾರಿ ನೋಡದಂಗ ಜಗಳಾಡಿದ್ರ ಹಿರ್ಯಾರು ಕೂಡಿಸಿ ಒಂದ ತಾಟಿನ್ಯಾಗ ಉಣಸ್ತಾರ. ಕೂಡಿ ಉಂಡ ಮ್ಯಾಲ ಸಿಟ್ಟು ಇಟ್ಟಕೋಬಾರದು ಅಂತ ಒಂದು ಕಟ್ಟಳಿ. ಇವರು ನನ್ನ ಡಬ್ಬಿ ಮ್ಯಾಲಿನ ಸ್ಟೀಲಿನ ಪ್ಲೇಟ ತುಗೊಂಡು ಪೆಟಗಿ ತಳಕ್ಕ ಇಳಿಸಿ, ಮೀನಿನ ಕಾಳು ಎಲ್ಲಾ ಅದರ ಮ್ಯಾಲ ಹಾಕಿದ್ರು. "ಬರ್ರಿ, ಎಲ್ಲಾರೂ ಕೂಡಿ ಉಣ್ರಿ" ಅಂತ ಆಮಂತ್ರಣಾ ಬ್ಯಾರೆ. ಕೈದಿ ಬಂದು ಪ್ಲೇಟಿನ ನಡುವ ನಿಂತ್ತು. ಉಳದವು ಮೂಲ್ಯಾಗ ನಿಂತು ನೋಡಿದ್ವು. ಊಟಾ ಕೈದಿದು, ಉಪವಾಸಾ ಊರಿಂದು. ದಿನಾ ಇದ ಆಟಾ.

"ಸಾಕ ಮಾಡ್ರಿ, ಪಾಪ ಸಾಯತಾವ ಅವು," ಅಂದೆ.

"ತಡಿ, ಇವತ್ತಲ್ಲಾ ನಾಳೆ ಅದಕ್ಕ ನಾಚಿಕಿ ಬರತೈತಿ."

ಕಡೀಕ ಚಾಚಾನ ಬಂದು ನೋಡಿ ನಕ್ಕಾಂವ, "ಯಜಮಾನ್ರ, ಮೀನಿಗೆ ನಾಚಿಕಿ ಇರಂಗಿಲ್ರಿ. ಒಂದ ಹೊತ್ತಿನ್ಯಾಗ ಎರಡೂ ಮೂಲಿಗೆ ಕಾಳು ಹಾಕ್ರಿ, ಅದು ಒಂದು ಕಡೆ ಕಾದ್ರ ಇನ್ನೊಂದು ಕಡೆ ಉಳದವು ತಿಂತಾವ" ಅಂದ. ಅಷ್ಟ ಹೇಳಿ ಹೋಗಿದ್ರ ಪುಣ್ಯಾತ್ಮ ನಮ್ಮ ಪಾಲಿಗೆ ದೇವರಾಗತಿದ್ದ. ಹೊಂಟು ನಿಂತಾಂವ ಬಾಗಲದಾಗ ಒಂದು ಮಾತು ಒಗದ, "ಅದಕ್ಕ ಜೋಡಿನೂ ಇಲ್ಲ ನೋಡ್ರಿ."

ಮುಗೀತು. ಇವರ ತಲ್ಯಾಗ ಬಾಸಿಂಗ ಕಟ್ಟಿದಂಗಾತು. ನಮ್ಮ ಕಡೆ ಹುಡುಗಾ ಹಾದಿ ಬಿಟ್ಟಾನಂದ್ರ ಮಂದಿ ಹೇಳೂ ಔಷಧಾ ಒಂದ, ಲಗ್ನಾ ಮಾಡ್ರಿ, ತಣ್ಣಗಾಗತಾನ. ಆ ಔಷಧಾ ಕುಡಿಯಾಕಿ ಮಾತ್ರ ಯಾರದೋ ಮನಿ ಹುಡುಗಿ ಇರತಾಳ, ಅದು ಬ್ಯಾರೆ ಮಾತು. ಮರುದಿನಾನ ಕನ್ಯಾ ತಂದ್ರು. ಹೊಟ್ಟಿ ಮ್ಯಾಲ ಕೇಸರಿ ಬಣ್ಣ, ನೋಡಾಕ ಚಂದ ಇತ್ತು, ಸುಳ್ಳ ಯಾಕ ಹೇಳ್ಲಿ. ಎರಡು ದಿನಾ ಎರಡೂ ಒಂದನ್ನೊಂದು ಬೆನ್ನಟ್ಟಿದ್ವು. ಆಮ್ಯಾಲ ಗಡಿಗ್ಯಾಗ ಸಂಸಾರ ಹೂಡಿದ್ವು. ಮೊದಲ ಒಬ್ಬಾಂವ ಬಡೀತಿದ್ದ, ಈಗ ಗಂಡಾ ಹೆಣ್ತಿ ಪಾಳೆ ಹಚ್ಚಿ ಬಡ್ಯಾಕ ಸುರು ಮಾಡಿದ್ರು. ಅದರಾಗೂ ಆಕಿ ಅವಂಗ ಪಾಠಾ ಹೇಳೂವಂಥಾಕಿ.

"ಏನ್ರಿ, ಅಳಿಯಾ ಸುಧಾರಿಸಿದ್ನ?" ಅಂತ ಕೇಳಿದೆ.

"ಹೊಸದಾಗಿ ಲಗ್ನಾ ಆಗೈತಿ. ಹೊಂದಿಕೊಳ್ಳಾಕ ಟೈಮ ಕೊಡಬೇಕು," ಅಂದ್ರು. ನಮ್ಮ ಲಗ್ನಾ ಆಗಿ ಇಷ್ಟು ವರ್ಷ ಆತು, ನಾ ಇನ್ನೂ ಹೊಂದಿಕೊಳ್ಳಾಕತ್ತೇನಿ.

ಇಷ್ಟರಾಗ ಮಗಳು ಬಂದ್ಲು, ಹೆರಿಗಿ ಆತು, ನಾ ಮೊದಲ ಹೇಳಿದ ಪಾಡು ಸುರು ಆತು. ಮನಿ ತುಂಬ ಕೂಸಿನ ಅಳು, ಒಳಗ ತಾಯಿ ಅಳು, ಅಡಗಿಮನ್ಯಾಗ ನಂದೂ ಅಳು, ಯಾರಿಗೂ ಕಾಣದಂಗ. ಒಂದು ಮುಂಜಾನೆ ನಾ ಬಾಣಂತಿಗೆ ಬಿಸಿ ರೊಟ್ಟಿ ಬಡ್ಯಾಕತ್ತಿದ್ದೆ. ಇವರು ಬೆರಳು ಮ್ಯಾಲೆತ್ತಿಕೊಂಡು ಓಡಿ ಬಂದ್ರು. ಬೆರಳಿನ ತುದ್ಯಾಗ ಕೆಂಪಗ ಒಂದು ಗಾಯಾ, ಮಾರಿ ಮ್ಯಾಲ ಪೇಢೆ ಹಂಚೂ ಖುಷಿ.

"ಕಚ್ಚಿತು ನೋಡು! ಪೆಟಗಿ ಸ್ವಚ್ಛ ಮಾಡಾಕ ಕೈ ಹಾಕಿದೆ, ಆಕಿ ಬಂದು ಕಚ್ಚಿದ್ಲು."

"ಅದಕ್ಕ ಏನು ಆರತಿ ಮಾಡಲೇನ್ರಿ?"

"ಬಾ ಇಲ್ಲೆ, ಬಾ." ಹಿಟ್ಟಿನ ಕೈಲೆನ ಎಳಕೊಂಡು ಹೋದ್ರು. ಗಡಿಗಿ ಒಳಗ ಗಸಗಸಿ ಮೆತ್ತಿದಂಗ ತತ್ತಿ. ಹೆಣ್ಣುಮೀನ ಅವುಗಳ ಮುಂದ ನಿಂತು ರೆಕ್ಕಿಲೆ ಗಾಳಿ ಬೀಸಾಕತ್ತಿತ್ತು. ಗಂಡು ಹೊರಗ ಪಹರೆ. ಉಳದ ಮೀನೆಲ್ಲಾ ಮ್ಯಾಲಿನ ಮೂಲ್ಯಾಗ ಜೀವಾ ಹಿಡಕೊಂಡು ನಿಂತಿದ್ವು.

ನಮ್ಮವ್ರು ಸಣ್ಣ ದನಿಲೆ ಅಂದ್ರು, "ನಾ ಇಷ್ಟು ದಿನಾ ತಪ್ಪು ತಿಳಕೊಂಡಿದ್ದೆ ಲೇ. ಈಕಿದು ಸಿಟ್ಟಲ್ಲ. ಅಂಜಿಕಿ. ಬಂದವ್ರೆಲ್ಲಾ ಮರಿ ತುಗೊಂಡು ಹೋಗತಾರ ಅಂತ ಆಕಿಗೆ ಅಂಜಿಕಿ."

ಅವತ್ತಿನಿಂದ ಮೀನಿನ ಬಾಣಂತನಾ ಸುರು ಆತು. ಗೋಲ್ಡ್ ಫಿಶ್, ಮಾಲಿ, ಕರೇ ಮೀನ ಎಲ್ಲಾ ಹಿತ್ತಲದಾಗಿನ ಪ್ಲಾಸ್ಟಿಕ್ ಟಬ್ಬಿಗೆ ವರ್ಗಾ ಆದ್ವು. ಪೆಟಗಿ ಮೂರೂ ಕಡೆ ಪೇಪರ್ ಅಂಟಿಸಿದ್ರು. ಟಿವಿ ಹಚ್ಚಬ್ಯಾಡ್ರಿ, ಸಪ್ಪಳಾ ಮಾಡಬ್ಯಾಡ್ರಿ, ಲೈಟ ಆರಸ್ರಿ. ಅವರ ಈ ಕಾರಭಾರ ನೋಡಿ ನನ್ನ ತಾಳ್ಮಿ ತಪ್ಪಿತು.

"ಅಲ್ರಿ, ಹೊಟ್ಟ್ಯಾಗ ಹುಟ್ಟಿದ ಮಗಳು ಉಣವಲ್ಲಳು, ಮಲಗವಲ್ಲಳು. ನೀವು ಮೀನಿನ ಬಾಣಂತನಾ ಮಾಡಾಕತ್ತೀರಿ. ಆಕಿ ಖೋಲಿ ಕಡೆ ಒಂದ ಸಲ ಹೋಗಿ, ಹ್ಯಾಂಗ ಇದ್ದೀವ್ವಾ ಅಂತ ಕೇಳೀರೇನು?"

ಅವ್ರು ಕುರ್ಚಿ ಮ್ಯಾಲ ಕುಂತ್ರು. ಮಗಳ ಖೋಲಿ ಬಾಗಲಾ ನೋಡಿದ್ರು, ಕೈಯಾಗಿನ ಪೇಪರ್ ನೋಡಿದ್ರು. ನಾ ಬೈದು ಬೈದು ಸಾಕಾಗಿ ಬಟ್ಟಿ ಒಣಗಿಸಾಕ ಹೋದೆ.

ಮುಂದಿನ ಐತವಾರ ಬಬಲೇಶ್ವರದಿಂದ ಕ್ರೂಸರ್ ಗಾಡಿ ತುಂಬ ಮಂದಿ ಬಂದಿಳದ್ರು. ಮುಂದ ನಮ್ಮನಿಯವ್ರ ಅಕ್ಕ. ಆಕಿ ಬಂದ್ರ ನಮ್ಮನಿ ಗ್ವಾಡಿ ಸೈತ ಸೆಟದು ನಿಂದರತಾವ. ಇನ್ನ ಏನಾಗತೈತಿ ಅನ್ನೂದು ನನ್ನ ಕಣ್ಣ ಮುಂದ ಬಂತು. ಅಕ್ಕ ಕೂಸಿನ್ನ ಎತ್ತತಾಳ, ಕೈಯಿಂದ ಕೈಗೆ ದಾಟಸ್ತಾಳ. ಬಣ್ಣಾ ತಾಯಿದಿಲ್ಲ ಅಂತಾಳ, ಹಾಲು ಸಾಲವಲ್ದೇನು ಅಂತಾಳ, ನಾವೆಲ್ಲಾ ಹಡದಿಲ್ಲೇನು ಅಂತ ಬಾಣಂತಿಗೆ ಬುದ್ಧಿ ಹೇಳತಾಳ. ನನ್ನ ಹುಡುಗಿ ಇದನ್ನ ತಡಕೊಳ್ಳಂಗಿಲ್ಲ ಅನ್ನೂದು ನನಗ ಗೊತ್ತಿತ್ತು. ಬ್ಯಾಡ ಅನ್ನಾಕ ಮಾತ್ರ ಬಾಯಿ ಬರಲಿಲ್ಲ. ದೇವರ ಮ್ಯಾಲ ಭಾರಾ ಹಾಕಿ ಚಾಕ್ಕ ಇಟ್ಟೆ.

ಪಡಸಾಲ್ಯಾಗ ನಮ್ಮವ್ರ ದನಿ ಕೇಳಿತು. ಎಷ್ಟೋ ವರ್ಷ ಗಾಡ್ಯಾಗ ದುಡದ ದನಿ ಅದು. "ಬರ್ರಿ ಬರ್ರಿ. ಮೊದಲ ಇಲ್ಲೆ ಕುಂದರ್ರಿ. ಅಕ್ಕಾ, ನೀ ಈ ಕುರ್ಚಿ ಮ್ಯಾಲ. ಕಾಕಾ, ನೀವು ಹಿಂದ ಸರೀರಿ, ಜಾಗಾ ಐತಿ."

"ಕೂಸು ಎಲ್ಲೈತೋ?" ಅಂದ್ಲು ಅಕ್ಕ.

"ಕೂಸು ಎಲ್ಲಿ ಹೋಗತೈತಿ, ಅಕ್ಕಾ? ಇಲ್ಲೆ ನೋಡು, ಇದು ಗಂಡು, ಇದು ಹೆಣ್ಣು. ಇವುಗಳ ಕಥಿ ಹೇಳತೀನಿ ಕೇಳು."

ನಾ ಚಾ ಹಿಡಕೊಂಡು ಬರೂದ್ರಾಗ ಟಾವೆಲ್ಲಿನ ಕಥಿ ನಡದಿತ್ತು. ಬಂದವ್ರೆಲ್ಲಾ ಸಾಲಾಗಿ ಪೆಟಗಿಗೆ ಮಾರಿ ಮಾಡಿ ಕುಂತಿದ್ರು. ಇವರು ಖೋಲಿ ಬಾಗಲಕ್ಕ ಬೆನ್ನು ಹಚ್ಚಿ, ಒಂದು ಕೈ ಚೌಕಟ್ಟಿಗೆ ಕೊಟ್ಟು ನಿಂತಿದ್ರು. ಪ್ಲೇಟಿನ ಕಥಿ ಬಂತು. ಲಗ್ನದ ಕಥಿ ಬಂತು, ಅದಕ್ಕ ಚಾಚಾ ಏನಂದ, ನಾ ಏನಂದೆ, ಎಲ್ಲಾ ಬಂತು. ಯಾರರ ಏಳಾಕ ನೋಡಿದ್ರ "ಕುಂದರ್ರಿ, ಇನ್ನೂ ಸ್ಟಾಪ್ ಬಂದಿಲ್ಲ" ಅಂತಿದ್ರು. ತತ್ತಿ ಒಡದು ಮರಿ ಆಗಿದ್ವು, ಕಣ್ಣಿಗೆ ಕಾಣದಷ್ಟು ಸಣ್ಣವು. ಒಬ್ಬೊಬ್ಬರನ್ನ ಕರದು ಗಾಜಿಗೆ ಮೂಗು ಹಚ್ಚಿಸಿ ತೋರಿಸಿದ್ರು. ಎರಡನೇ ಸಲ ಚಾ ಆತು, ಚುರಮುರಿ ಆತು. ಕಾಕಾ ಕುಂತಲ್ಲೇ ತೂಕಡಿಸಿದ್ರು. ಹೊರಗ ಕ್ರೂಸರ್ ಡ್ರೈವರ್ ಹಾರ್ನ್ ಮ್ಯಾಲ ಹಾರ್ನ್ ಹೊಡೆದ.

ಅಕ್ಕ ಸೆರಗು ಕೊಡವಿ ಎದ್ಲು. ಉತ್ತತ್ತಿ ಚೀಲಾ ನನ್ನ ಕೈಗೆ ತುರಕಿ, "ಇವನ ಹುಚ್ಚು ಪೂರಾ ನೆತ್ತಿಗೇರೈತವ್ವಾ. ನೀ ಹ್ಯಾಂಗ ಬಾಳೇ ಮಾಡಾಕತ್ತೀಯೋ ಏನೋ. ಕೂಸಿನ್ನ ತೊಟ್ಟಿಲದಾಗ ಹಾಕೂ ದಿನಾ ಬಂದು ನೋಡತೀವಿ ತಗೋ" ಅಂತ ಹೇಳಿ, ಮಂದಿನ್ನ ಕರಕೊಂಡು ಹೋದ್ಲು.

ಕ್ರೂಸರ್ ತಿರುಗಿ ಹೋದ ಮ್ಯಾಲ ನಾ ಚಾದ ಕಪ್ಪು ಎತ್ತಿಕೋತನ ಬೈಯಾಕ ಸುರು ಮಾಡಿದೆ. "ಮಾನಾ ತಗದ್ರಿ. ಕೂಸಿನ್ನ ನೋಡಾಕ ಬಂದವ್ರಿಗೆ ಮೀನ ತೋರಿಸಿ ಕಳಿಸಿದ್ರಿ. ನಾಳೆ ಬಬಲೇಶ್ವರದ ಮನಿಮನ್ಯಾಗ ಇದ ಮಾತು."

ಅವರು ಬಾಯಿ ಮ್ಯಾಲ ಬೆರಳಿಟ್ಟು ಖೋಲಿ ಕಡೆ ಕೈ ಮಾಡಿದ್ರು.

ಬಾಗಲಾ ಸರಿಸಿ ನೋಡಿದೆ. ಮಗಳು ಮಲಗಿದ್ಲು. ಕೂಸಿನ ಮ್ಯಾಲ ಒಂದು ಕೈ, ಬಾಯಿ ಒಂದೀಟು ತೆರದು, ಸಾಲಿಗೆ ಹೋಗೂ ಹುಡುಗಿ ಇದ್ದಾಗ ಮಲಗತಿದ್ಲಲ್ಲ, ಹಂಗ ಗಾಢ ನಿದ್ದಿ. ದವಾಖಾನಿಯಿಂದ ಬಂದ ಮ್ಯಾಲ ಆಕಿ ಹಿಂಗ ಮಲಗಿದ್ದು ನಾ ನೋಡಿದ್ದಿಲ್ಲ. ಪಾಯಸದ ಬಟ್ಟಲಾ ಖಾಲಿ ಇತ್ತು. ನಾ ಅಲ್ಲೇ ಚೌಕಟ್ಟು ಹಿಡಕೊಂಡು ನಿಂತೆ. ಕಣ್ಣು ತುಂಬಿ ಬಂದ್ವು.

ಹೊಳ್ಳಿ ಬಂದಾಗ ನಮ್ಮವ್ರು ಪೆಟಗಿಗೆ ಸಡಲಿದ್ದ ಪೇಪರ್ ಅಂಟಸಾಕತ್ತಿದ್ರು. ನನ್ನ ಕಡೆ ನೋಡಲಾರದ ಕೇಳಿದ್ರು, "ನೀ ಟಿಕೋಟಾದ ನಿಮ್ಮವ್ವನ ಮನ್ಯಾಗ ಹಡದು ಮಲಗಿದ್ದಿ. ನಾ ಬಂದಿದ್ದೆ, ನೆನಪೈತೇನು?"

"ಹೂಂ."

"ಡ್ಯೂಟಿ ಮ್ಯಾಲ ಇದ್ದೆ. ಸ್ಟ್ಯಾಂಡಿನ್ಯಾಗ ಗಾಡಿ ಬಿಟ್ಟು ಓಡಿ ಬಂದೆ. ಖೋಲಿ ತುಂಬ ಮಂದಿ ಇದ್ರು. ಕೂಸಿನ ಮಾರಿ ನೋಡಿದೆ, ನಿಮ್ಮವ್ವ ಕೊಟ್ಟ ಚಾ ಕುಡದೆ, ಹೋದೆ." ಪೇಪರಿನ ಮೂಲಿ ಒತ್ತಿ ಒತ್ತಿ ಅಂಟಿಸಿದ್ರು. "ನಿನ್ನ ಮಾರಿ ನೋಡಲೇ ಇಲ್ಲ."

ನಾ ಚಾದ ಕಪ್ಪು ಒಂದರ ಮ್ಯಾಲ ಒಂದು ಜೋಡಿಸಿದೆ.

"ನೀನೂ ಹಿಂಗ ಅಳತಿದ್ದ್ಯಂತ. ನಿಮ್ಮವ್ವ ಎಷ್ಟೋ ವರ್ಷ ಆದ ಮ್ಯಾಲ ಹೇಳಿದ್ರು. ಆವಾಗ ನಿಂಗ ಯಾರೂ ಬಾಗಲಾ ಕಾಯಲಿಲ್ಲ."

ಹೌದು, ಕಾಯಲಿಲ್ಲ. ಆ ಖೋಲ್ಯಾಗ ಮಂದಿ ನಕ್ಕೋತ ಕೂಸಿನ್ನ ಕೈಯಿಂದ ಕೈಗೆ ದಾಟಸಾಕತ್ತಾಗ ನಾ ಗ್ವಾಡಿ ಕಡೆ ಮಾರಿ ಮಾಡಿ ಅಳತಿದ್ದೆ. ಯಾಕ ಅಂತ ನನಗೂ ತಿಳೀತಿದ್ದಿಲ್ಲ. ಅದನ್ನ ನಾ ಯಾರ ಮುಂದೂ ಆಡಿದ್ದಿಲ್ಲ, ಈ ಮನಿಷ್ಯಾನ ಮುಂದ ಅಂತೂ ಇಲ್ಲೇ ಇಲ್ಲ.

"ಹೋಗು, ಆಕಿ ಮಗ್ಗಲಕ ನೀನೂ ಒಂದೀಟು ಅಡ್ಡಾಗು," ಅಂದ್ರು. "ಭಾಂಡಿ ನಾ ತಿಕ್ಕತೀನಿ. ಬಾಗಲದಾಗ ನಾ ಇರತೀನಿ."

ಕಪ್ಪು ಅಲ್ಲೇ ಇಟ್ಟು ಒಳಗ ಹೋದೆ. ಸಪ್ಪಳಾ ಮಾಡದ ಮಗಳ ಮಗ್ಗಲಕ ಅಡ್ಡಾದೆ. ಆಕಿ ಕಣ್ಣು ತೆರೀಲಿಲ್ಲ. ನಿದ್ದಿಗಣ್ಣಿನ್ಯಾಗ ನನ್ನ ಕೈ ಹುಡಕಿ ತುಗೊಂಡು, ಕೂಸಿನ ಬೆನ್ನ ಮ್ಯಾಲ ಇಟಗೊಂಡ್ಲು. ಕೂಸು ಬೆಚ್ಚಗಿತ್ತು. ಒಂದೀಟು ಹೊತ್ತಿಗೆ ಹೊರಗ ಗೇಟು ಕಿರ್ರಂತು, ಚಪ್ಪಲಿ ಬಿಡೂ ಸಪ್ಪಳಾತು, ನಾಕಾರು ಮಂದಿ ಮಾತು ಕೇಳಿತು. ದನಿ ಗುರುತು ಹತ್ತಿತು, ಟಿಕೋಟಾದ ನನ್ನ ತವರ ಮಂದೀನ. "ಬರ್ರಿ ಬರ್ರಿ, ಮೊದಲ ಮೀನ ನೋಡ್ರಿ" ಅಂದ್ರು ನಮ್ಮನಿಯವ್ರು. ನಾ ಏಳಲಿಲ್ಲ.